ಹೊಗೆಯಡಗಿದ ಚಿಮಣಿಗಳು

ಹಂಚಿನ ಮಾಡುಳ್ಳ ಮನೆಯಲ್ಲಿ ವಾಸಿಸುವ ಗೃಹಸ್ಥರಿಗೆ ವರ್ಷಕ್ಕೊಮ್ಮೆ ಒಂದು ಕೆಲಸ ತಪ್ಪದು. ಮಿಥುನಮಾಸದ ಮಳೆ ಹಿಡಿಯುವುದಕ್ಕೆ ಮುಂಚಿತವಾಗಿ ಮಾಡಿನ ಮೇಲೆ ಆಳು ಹತ್ತಿಸಿ, ಒಡೆದ ಹಂಚುಗಳನ್ನು ತೆಗೆದು ಬೇರೆಯವನ್ನು ಹೊದಿಸಬೇಕು. ಹಾಗೆ ಕೆಳಗಿಳಿದ ಹಂಚುಗಳಲ್ಲಿ ಒಂದನ್ನು ಮಗುಚಿ ಅದರ ಬೆನ್ನಿನ ಮೇಲಿರುವ ಅಕ್ಷರಗಳನ್ನು ಓದಿ ನೋಡಬೇಕೆಂದು ವಾಚಕರಲ್ಲಿ ನಮ್ಮ ವಿಜ್ಞಾಪನೆ. ಹಂಚು ಬಹಳ ಹಳೆಯದಾಗಿದ್ದರೆ ‘ಬಾಸೆಲ್ ಮಿಶನ್ ಟೈಲ್ ವರ್ಕ್ಸ್, 1865’ ಎಂದೋ, ‘ಅಲ್ಬುಕರ್ಕ್ ಎಂಡ್ ಸನ್ಸ್, 1868’ ಎಂದೋ ಆಂಗ್ಲಾಕ್ಷರಗಳಲ್ಲಿ ಒತ್ತಿರುವುದು ಕಂಡೀತು. ಇದನ್ನು ಕಂಡು ತಮ್ಮ ಮನೆ ಆ ಇಸವಿಯದೆಂದು ಹೆಮ್ಮೆಪಡುವವರುಂಟು. ಅದು ಕಾರ್ಖಾನೆ ಹುಟ್ಟಿದ ಇಸವಿಯೇ ಹೊರತು ಹಂಚು ಹುಟ್ಟಿದ ಇಸವಿಯಲ್ಲ. ಐವತ್ತು ವರ್ಷಗಳ ಮೇಲೆ ಒತ್ತಿದ ಹಂಚಿಗೂ ಅದೇ ಮುದ್ರೆ ಬೀಳುತ್ತಿತ್ತು.

ಹಂಚು ಇಂದಿಗೂ ನಮ್ಮ ತಲೆಯ ಮೇಲಿದೆ. ಆದರೆ ಆ ಹಂಚನ್ನು ಹೆತ್ತ ಮನೆಗಳು, ಎಂದರೆ ಹೊಳೆಯ ದಂಡೆಗಳಲ್ಲಿ ಕಳೆದ ಶತಮಾನದ ಹಿಂದಿನ ಶತಮಾನದಲ್ಲಿ ಎದ್ದ ಆ ವಿಸ್ತಾರವಾದ ಕಾರ್ಖಾನೆಗಳು, ಒಂದೊಂದಾಗಿ ಬೆಂಕಿ ಆರಿಸಿ, ಬಾಗಿಲು ಮುಚ್ಚಿ, ಮಳೆಗೆ ಮೈಯೊಡ್ಡಿ ನಿಂತಿರುವುವು. ಕೆಲವು ಆಗಲೇ ನೆಲಸಮವಾಗಿ ಅಲ್ಲಿ ವಸತಿಸೌಧಗಳು ಬಂದಿವೆ. ಇವುಗಳ ವಿಷಯದಲ್ಲಿ ನಮ್ಮ ಜನರಿಗೆ ಎಷ್ಟು ಮಾತ್ರದ ಆಸ್ಥೆಯೂ ಇಲ್ಲದಿರುವುದನ್ನು ಕಂಡು ಈ ಲೇಖನವನ್ನು ಬರೆಯಬೇಕಾಯಿತು.

ಪ್ರಾಚೀನ ವಸ್ತುಗಳಲ್ಲಿ ನಮ್ಮ ಸೀಮೆಯವರಿಗೆ ಪ್ರೀತಿಯಿಲ್ಲವೆಂದು ಯಾರೂ ಹೇಳಲಾರರು. ಕಾರ್ಕಳದಲ್ಲಿ 1432ರಲ್ಲಿ ನಿಲ್ಲಿಸಿದ ಗೊಮ್ಮಟನನ್ನೂ, 1586ರಲ್ಲಿ ಕಟ್ಟಿಸಿದ ಚತುರ್ಮುಖ ಬಸದಿಯನ್ನೂ ನೋಡುವುದಕ್ಕೆ ದೂರದೂರದವರು ಬರುವರು. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಬೀಳುತ್ತಿದ್ದ ಹಳೆಯ ಮನೆಗಳನ್ನು ಕಂಬ ಕಂಬವಾಗಿ ಬಿಚ್ಚಿ ತಂದು ಪುನಃ ನಿಲ್ಲಿಸಿದ ಊರೇ ಒಂದಿದೆ. 2017ರಲ್ಲಿ ಅವರು ಗತಿಸಿದರೂ ಅವರ ಹಸ್ತಶಿಲ್ಪವು ಅವರ ಕೀರ್ತಿಯನ್ನು ಉಳಿಸಿದೆ. ದೇವಾಲಯ, ಬಸದಿ, ಅರಮನೆ, ಗುತ್ತಿನ ಮನೆ ಇವೆಲ್ಲವೂ ನಮಗೆ ಪರಂಪರೆಯೆನಿಸಿಕೊಳ್ಳುವುವು. ಆದರೆ ನೂರಾರು ಮಂದಿ ಬೆವರು ಸುರಿಸಿ ದುಡಿದ ಸ್ಥಳವು ಪರಂಪರೆಯಾಗಬಹುದೆಂಬ ಭಾವನೆ ನಮ್ಮಲ್ಲಿ ಇನ್ನೂ ಮೂಡಿಲ್ಲ. ‘ಕಾರ್ಖಾನೆ ತಾನೇ, ಹೋದರೆ ಹೋಯಿತು’ ಎಂಬ ಮಾತನ್ನು ವಿದ್ಯಾವಂತರ ಬಾಯಲ್ಲಿಯೇ ನಾವು ಕೇಳಿದ್ದೇವೆ.

ಇದರ ಪೂರ್ವಕಥೆಯನ್ನು ಸ್ವಲ್ಪ ಹೇಳುವುದು ಅವಶ್ಯ. ಮದರಾಸು ಸಂಸ್ಥಾನಕ್ಕೆ ಸೇರಿದ್ದ ಈ ಕನ್ನಡ ಜಿಲ್ಲೆಯಲ್ಲಿ ಹಿಂದೆ ಬಹುಮಟ್ಟಿಗೆ ಮುಳಿಹುಲ್ಲಿನ ಮನೆಗಳೇ ಇದ್ದುವು. ದೇವಾಲಯಗಳಿಗೆ ತಾಮ್ರ ಅಥವಾ ಕಲ್ಲುಚಪ್ಪಡಿ. ಉಳ್ಳವರ ಮನೆಗೆ ಕುಂಬಾರನು ತಿಗರಿಯಲ್ಲಿ ತಿರುಗಿಸಿ ಸೀಳಿದ ನಾಡಹಂಚು. ಮುಳಿಯ ಮಾಡನ್ನು ವರ್ಷವರ್ಷವೂ ಹೊದಿಸಬೇಕು. ಬೇಸಗೆಯಲ್ಲಿ ಬೆಂಕಿಯ ಭಯ ಬೇರೆ. 1834ರಲ್ಲಿ ಬಾಸೆಲ್ ಮಿಶನಿನ ಮೂವರು ಪಾದ್ರಿಗಳು ಮಂಗಳೂರಿಗೆ ಬಂದಿಳಿದರು. ಅವರ ಮತಕ್ಕೆ ಸೇರಿದವರಿಗೆ ಕುಲದಿಂದಲೂ ಕಸುಬಿನಿಂದಲೂ ಹೊರಬೀಳಬೇಕಾದ ಅವಸ್ಥೆ ಒದಗಿದುದರಿಂದ, ಹೊಟ್ಟೆಯ ದಾರಿಗೆಂದು ಮಿಶನಿನವರು ಮೊದಲು ಮುದ್ರಣ, ನೇಯ್ಗೆ ಮೊದಲಾದ ಉದ್ಯೋಗಗಳನ್ನು ಹೂಡಿದರು. ಆ ಮಿಶನಿಗೆ ಸೇರಿದ ಗಿಯೋರ್ಗ್ ಪ್ಲೆಬ್ಸ್ಟ್ ಎಂಬ ಜರ್ಮನನು ಯಂತ್ರವಿದ್ಯೆಯನ್ನು ಬಲ್ಲವನು. ನೇತ್ರಾವತಿಯ ದಂಡೆಯ ಜೇಡಿಮಣ್ಣನ್ನು ಪರೀಕ್ಷಿಸಿ, ಅದು ಹಂಚಿಗೆ ಯೋಗ್ಯವೆಂದು ಕಂಡುಕೊಂಡು, 1865ರಲ್ಲಿ ಜೆಪ್ಪುವಿನಲ್ಲಿ ಕಾರ್ಖಾನೆಯನ್ನು ಸ್ಥಾಪಿಸಿದನು. ಒಂದರ ಅಂಚು ಮತ್ತೊಂದರ ಅಂಚನ್ನು ಕಚ್ಚಿ ಹಿಡಿಯುವ ಹಂಚಿನ ಮಾದರಿಯನ್ನು ಅದಕ್ಕೆ ಮುಂಚೆಯೇ, 1841ರಲ್ಲಿ, ಫ್ರಾನ್ಸಿನ ಅಲ್ಸಾಸ್ ಪ್ರಾಂತದ ಗಿಲಾರ್ದೋನಿ ಸಹೋದರರು ಕಲ್ಪಿಸಿದ್ದರು. ಆ ಕಲ್ಪನೆಯೇ ನಮ್ಮ ಮಣ್ಣಿನಲ್ಲಿ ಬೇರೂರಿ ‘ಮಂಗಳೂರು ಹಂಚು’ ಎಂದು ಲೋಕಪ್ರಸಿದ್ಧವಾಯಿತು.

ಮುಂದೆ ಕಲ್ಲಿಕೋಟೆಯಲ್ಲಿಯೂ, ಮಂಗಳೂರಿನ ಕುದ್ರೋಳಿಯಲ್ಲಿಯೂ, 1886ರಲ್ಲಿ ನಮ್ಮ ಮಲ್ಪೆಯಲ್ಲಿಯೂ ಮಿಶನಿನ ಕಾರ್ಖಾನೆಗಳಾದುವು. ಅಂಬಲಪಾಡಿಯಿಂದ ಮಲ್ಪೆಯು ಎರಡು ಹರದಾರಿಯೊಳಗೇ ಇದೆ. ಆದರೂ ಅಲ್ಲಿ ಅಷ್ಟು ಹಿಂದೆ ಹಬೆಯ ಮತ್ತು ಬೆಂಕಿಯ ಉದ್ಯಮವೊಂದು ನಡೆದಿತ್ತೆಂಬುದು ನಮ್ಮ ಊರಿನ ಹುಡುಗರಲ್ಲಿ ಹತ್ತರಲ್ಲಿ ಒಬ್ಬನಿಗೆ ತಿಳಿದಿದ್ದರೆ ಹೆಚ್ಚು. ಮಲ್ಪೆಯೆಂದರೆ ಅವರಿಗೆ ಮೀನು ಮತ್ತು ಸಮುದ್ರದಂಡೆ, ಅಷ್ಟೆ. ಪಾದ್ರಿಗಳನ್ನು ನೋಡಿ ನಮ್ಮ ದೇಶದ ವರ್ತಕರೂ ಹಂಚಿನ ಉದ್ಯಮಕ್ಕೆ ಇಳಿದರು. ಕುಂದಾಪುರದವರೆಗೂ ಹೊಳೆಹೊಳೆಗಳ ದಂಡೆಯಲ್ಲಿ ಚಿಮಣಿಗಳು ಎದ್ದುವು. ಮೊದಲನೆಯ ಮಹಾಯುದ್ಧದ ಸಮಯದಲ್ಲಿ ಮಿಶನಿನ ಉದ್ಯಮಗಳನ್ನು ಆಂಗ್ಲ ಸರಕಾರವು ಶತ್ರುಪಕ್ಷದವರದೆಂದು ವಶಪಡಿಸಿಕೊಂಡು, ಬಳಿಕ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪೆನಿಗೆ ವಹಿಸಿತು.

ಕಾರ್ಖಾನೆಗಳೆಲ್ಲವೂ ಹೊಳೆಯ ದಂಡೆಯಲ್ಲಿಯೇ ಏಕೆ ಎಂದು ಕೇಳಬಹುದು. ಮಣ್ಣು ದೋಣಿಯಲ್ಲಿ ಬರಬೇಕು, ಘಟ್ಟದ ಕಡೆಯ ಸೌದೆಯೂ ದೋಣಿಯಲ್ಲಿಯೇ ಬರಬೇಕು, ಬೆಂದ ಹಂಚು ದೋಣಿಯಲ್ಲಿಯೇ ಬಂದರಿಗೆ ಹೋಗಿ ಅಲ್ಲಿಂದ ಮಂಜಿ ಹತ್ತಬೇಕು. ಒಂದೊಂದು ಹಂಚು ಎರಡರಿಂದ ಮೂರು ಕಿಲೋ ತೂಗುವುದು. ಒಂದು ಚದರ ಮೀಟರು ಮಾಡಿಗೆ ಸುಮಾರು 15 ಹಂಚು ಬೇಕು. ಇಂತಹ ಭಾರವನ್ನು ಎತ್ತಿನ ಗಾಡಿಯಲ್ಲಿ ಸಾಗಿಸುವುದು ಆಗಿನ ದಾರಿಗಳಲ್ಲಿ ಅಸಾಧ್ಯ.

ಇನ್ನು ಕಟ್ಟಡದ ವಿಷಯಕ್ಕೆ ಬರೋಣ. ಹೊರಗಿನಿಂದ ನೋಡಿದವರಿಗೆ ಅದೊಂದು ಬಹಳ ದೊಡ್ಡ ಕೊಟ್ಟಿಗೆ. ಪಕ್ಕದಲ್ಲಿ ಒಂದು ಇಟ್ಟಿಗೆಯ ಗೋಪುರ. ಅಲಂಕಾರವೆಂಬುದು ಬಹುಶಃ ಎಲ್ಲಿಯೂ ಕಾಣದು. ಆದರೆ ಸ್ವಲ್ಪ ಹೊತ್ತು ಒಳಗೆ ನಿಂತು ನೋಡಿದರೆ, ಅಲ್ಲಿ ಕಾರಣವಿಲ್ಲದ ಒಂದು ಕಂಬವೂ ಇಲ್ಲವೆಂಬುದು ಅರ್ಥವಾಗುವುದು. ಹಸಿಹಂಚಿಗೆ ಬಿಸಿಲೂ ಬೀಸುಗಾಳಿಯೂ ಶತ್ರುಗಳು. ಒಂದು ಮಗ್ಗುಲು ಬೇಗನೆ ಒಣಗಿತೆಂದರೆ ಹಂಚು ಸೊಟ್ಟಗಾಗುವುದು ಅಥವಾ ಬಿರಿಯುವುದು. ಆದುದರಿಂದ ಅದು ನೆರಳಿನಲ್ಲಿ, ಮೆಲ್ಲಗೆ, ಎಲ್ಲ ಕಡೆಯಿಂದಲೂ ಸಮನಾಗಿ ಒಣಗಬೇಕು. ಇದಕ್ಕಾಗಿ ಮಾಡಿನ ಅಂಚನ್ನು ಆಳೆತ್ತರಕ್ಕೆ ಇಳಿಸಿ ಬಿಸಿಲನ್ನು ತಡೆದಿರುವರು. ಗೋಡೆಗೆ ಬದಲಾಗಿ ಮುರಕಲ್ಲಿನ ಕಂಬಗಳನ್ನೂ ಮರದ ಅಳಿಗಳನ್ನೂ ಇಟ್ಟು ಗಾಳಿಯನ್ನು ಸೋಸಿ ಒಳಕ್ಕೆ ಬಿಟ್ಟಿರುವರು. ಬೆಳಕಿಗೆ ಅಲ್ಲಲ್ಲಿ ಗಾಜಿನ ಹಂಚು. ಮಳೆಗಾಲದ ನಾಲ್ಕು ತಿಂಗಳು ನಮ್ಮ ಕರಾವಳಿಯ ಗಾಳಿಯೇ ಒದ್ದೆಯಾಗಿರುವಾಗ ಹಂಚು ಒಣಗುವುದೆಂತು? ಇದಕ್ಕೆ ಅವರು ಕಂಡ ಉಪಾಯವು ಬಹಳ ಚತುರವಾದುದು. ಹಂಚು ಸುಡುವ ಗೂಡುಗಳನ್ನು ಕಟ್ಟಡದ ಹೊಟ್ಟೆಯಲ್ಲಿಯೇ ಇಟ್ಟು, ಅವುಗಳ ಮೇಲ್ಗಡೆ ಉಪ್ಪರಿಗೆಗಳನ್ನು ಕಟ್ಟಿದರು. ಉಪ್ಪರಿಗೆಯ ನೆಲಕ್ಕೆ ಹಲಗೆಗಳನ್ನು ಒತ್ತಾಗಿ ಹಾಸದೆ ಸಂದು ಬಿಟ್ಟು ಹಾಸಿದರು. ಕೆಳಗೆ ಬೇಯುತ್ತಿರುವ ಹಂಚಿನ ಕಾವು ಆ ಸಂದುಗಳಿಂದ ಮೇಲೇರಿ, ನೆಲದಿಂದ ಮಾಡಿನವರೆಗೂ ಚೌಕಟ್ಟುಗಳಲ್ಲಿ ಜೋಡಿಸಿದ ಹಸಿಹಂಚುಗಳನ್ನು ಒಣಗಿಸುವುದು. ಹೀಗೆ ಇಂದಿನ ಹಂಚಿನ ಬೆಂಕಿಯೇ ನಾಳಿನ ಹಂಚಿಗೆ ತಾಯಿಯ ಒಡಲಾಗುತ್ತಿತ್ತು.

ಗೂಡಿನ ಕಮಾನನ್ನಂತೂ ನೋಡಿಯೇ ತಿಳಿಯಬೇಕು. ಒಂದು ತುಂಡು ಮರವಿಲ್ಲದೆ, ಕಬ್ಬಿಣವಿಲ್ಲದೆ, ಬೆಂಕಿಯಿಟ್ಟಿಗೆಗಳನ್ನು ಒಂದಕ್ಕೊಂದು ಒತ್ತಿ ನಿಲ್ಲಿಸಿದ ಛಾವಣಿಯು, ಸಾವಿರ ಡಿಗ್ರಿಯ ಸಮೀಪದ ಕಾವನ್ನು ಸಾವಿರಾರು ಸಲ ಉಂಡು ತಣಿದು ಮತ್ತೂ ನಿಂತಿರುವುದು. ಅಲ್ಲಿಂದ ಹೊಗೆಯು ನೆಲದೊಳಗಿನ ಸುರಂಗದಲ್ಲಿ ಹಾದು ಚಿಮಣಿಗೆ ಸೇರುವುದು. ಬಿಸಿಯಾದ ಗಾಳಿಯು ಹಗುರವಾಗಿ ಮೇಲೇರುವಾಗ ಹಿಂದಿನ ಗಾಳಿಯನ್ನು ಎಳೆದುಕೊಂಡು ಹೋಗುವುದರಿಂದ, ಚಿಮಣಿ ಎಷ್ಟು ಎತ್ತರವೋ ಒಲೆಯ ಎಳೆತವೂ ಅಷ್ಟು ಬಲ. ಬುಡದಲ್ಲಿ ದಪ್ಪ, ತುದಿಯಲ್ಲಿ ಸಣ್ಣ. ಕೊಡಿಯಲ್ಲಿ ಮಾತ್ರ ಕಟ್ಟುವವನು ಒಂದೆರಡು ವರಸೆ ಇಟ್ಟಿಗೆಯನ್ನು ಮುಂದಕ್ಕೆ ಚಾಚಿ ಒಂದು ಪಟ್ಟಿ ಮಾಡಿರುವನು. ಇಡೀ ಕಾರ್ಖಾನೆಯಲ್ಲಿ ಕಣ್ಣಿನ ಸುಖಕ್ಕೆಂದು ಮಾಡಿದ್ದು ಅದೊಂದೇ ಇರಬೇಕು.

ಇಂತಹ ಮುಚ್ಚಿದ ಕಾರ್ಖಾನೆಯೊಂದನ್ನು ಕಳೆದ ಮಾಘದಲ್ಲಿ ನಾವು ನೋಡಿಬಂದೆವು. ಊರಿನ ಹೆಸರು ಬೇಡ. ಮಾಡಿನ ಹಂಚುಗಳಲ್ಲಿ ಅರ್ಧದಷ್ಟು ಹೋಗಿದ್ದುವು. ಹಳೆಯ ಹಂಚಿಗೆ ಈಗ ಪೇಟೆಯಲ್ಲಿ ಗಿರಾಕಿಗಳಿರುವುದರಿಂದ ಹಂಚಿನ ಕಾರ್ಖಾನೆಯ ಮಾಡೇ ಮೊದಲು ಬೋಳಾಗುವುದು. ಆ ಮೇಲೆ ಪಕ್ಕಾಸು, ರೀಪು, ತೊಲೆಗಳು ಮಾರಾಟವಾಗುವುವು. ವರ್ಷಕ್ಕೆ 4000 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಸೀಮೆಯಲ್ಲಿ ಮಾಡಿಲ್ಲದ ಮುರಕಲ್ಲಿನ ಗೋಡೆ ಎಷ್ಟು ಕಾಲ ಬಾಳೀತು? ಚಿಮಣಿಯ ನಡುಮಟ್ಟದಲ್ಲಿ ಅಶ್ವತ್ಥದ ಸಸಿಯೊಂದು ಹುಟ್ಟಿ ಬೇರನ್ನು ಇಟ್ಟಿಗೆಯ ಸಂದಿಗೆ ಇಳಿಸಿತ್ತು. ಅದನ್ನು ಕಡಿಯಬಾರದೇ ಎಂದರೆ, ಕಾವಲಿಗಿದ್ದ ಮುದುಕನು ‘ಅಶ್ವತ್ಥ ಅಲ್ಲವೋ ಅಯ್ಯ’ ಎಂದು ಕೈಮುಗಿದನು. ಆತನೇ ಹಿಂದೆ ಅಲ್ಲಿ ಅಚ್ಚಿನ ಯಂತ್ರಕ್ಕೆ ಮಣ್ಣು ಕೊಡುತ್ತಿದ್ದವನು. ಬೆಂದ ಹಂಚನ್ನು ಬೆರಳ ಗಂಟಿನಿಂದ ತಟ್ಟಿ, ಬರುವ ನಾದದಿಂದಲೇ ಮೊದಲ ತರಗತಿ, ಎರಡನೆಯ ತರಗತಿ ಎಂದು ಬೇರ್ಪಡಿಸುವುದನ್ನು ಆತನು ನಮಗೆ ತೋರಿಸಿದನು. ಹಂಚುಗಳನ್ನು ಹೊತ್ತು ಉಪ್ಪರಿಗೆಯಿಂದ ಗೂಡಿಗೆ ಇಳಿಸುತ್ತಿದ್ದವರೆಲ್ಲ ಹೆಂಗಸರೆಂದೂ, ಅವರಲ್ಲಿ ತನ್ನ ತಾಯಿಯೂ ಒಬ್ಬಳೆಂದೂ ಹೇಳಿದನು. ಏಣಿಮೆಟ್ಟಲಿನ ಹಲಗೆಗಳು ನಟ್ಟನಡುವೆ ಬೋಗುಣಿಯಂತೆ ಸವೆದಿದ್ದುವು. ಬರಿಗಾಲಿನ ಸವೆತ ಅದು.

‘ಭಟ್ಟಿ’ ಎಂಬ ಶಬ್ದವು ಸಂಸ್ಕೃತದ ‘ಭ್ರಾಷ್ಟ್ರ’ದಿಂದ ಬಂದುದು, ಹುರಿಯುವ ಒಲೆ ಎಂದು ಅರ್ಥ. ನಮ್ಮ ಜನರು ಇಟ್ಟಿಗೆ ಸುಡುವಲ್ಲಿಗೂ ಅದೇ ಮಾತನ್ನು ಹೇಳುವರು, ಮದ್ಯ ಇಳಿಸುವಲ್ಲಿಗೂ ಅದೇ ಮಾತು. ಶಬ್ದದ ನೆಪದಿಂದ ಮತ್ತೊಂದು ಬಗೆಯ ಭಟ್ಟಿಯ ಗತಿಯನ್ನೂ ಇಲ್ಲಿ ಹೇಳಬಹುದಾಗಿದೆ. ಬೆಂಗಳೂರಿನಲ್ಲಿ 1885ರಲ್ಲಿ ಬಿಯರು ತಯಾರಿಸುವ ಕಾರ್ಖಾನೆಯೊಂದು ಹುಟ್ಟಿತು. 1915ರಲ್ಲಿ ಥಾಮಸ್ ಲೀಶ್ಮನ್ ಎಂಬ ಸ್ಕಾಟ್‌ಲೆಂಡಿನವನು ದಕ್ಷಿಣದ ಇಂತಹ ಐದು ಕಾರ್ಖಾನೆಗಳನ್ನು ಒಂದುಗೂಡಿಸಿ ಯುನೈಟೆಡ್ ಬ್ರೂವರೀಸ್ ಎಂಬ ಸಂಸ್ಥೆಯನ್ನು ಮಾಡಿದನು. 1947ರಲ್ಲಿ ನಮ್ಮ ಬಂಟ್ವಾಳದ ಮನೆತನದ ವಿಟ್ಠಲ ಮಲ್ಯರು ಅದರ ನಿರ್ದೇಶಕರಾದರು. ಆ ಬೆಂಗಳೂರಿನ ಕಾರ್ಖಾನೆ ಇಂದು ಎಲ್ಲಿ? ಅದಿದ್ದ ಸ್ಥಳದಲ್ಲಿ ಈ ಶತಮಾನದ ಮೊದಲ ದಶಕದಲ್ಲಿ ಯು. ಬಿ. ಸಿಟಿಯೆಂಬ ಗಾಜಿನ ಸೌಧಗಳೆದ್ದಿವೆ. ರಸ್ತೆಗೆ ಮಲ್ಯರ ಹೆಸರಿದೆ; ಕಾರ್ಖಾನೆಯ ಗುರುತು ನೋಡಹೋದವರಿಗೆ ಸಿಕ್ಕದು.

ಮದ್ಯದ ಭಟ್ಟಿ ಹೋದರೆ ಮರುಗುವುದೇಕೆ ಎಂದು ವಾಚಕರಲ್ಲಿ ಕೆಲವರು ಹುಬ್ಬು ಗಂಟಿಕ್ಕಬಹುದು. ನಾವೂ ಆ ಪಾನವನ್ನು ಮುಟ್ಟಿದವರಲ್ಲ, ಮುಟ್ಟಿರೆಂದು ಹೇಳುವವರೂ ಅಲ್ಲ. ಒಳಗೆ ಬೆಂದುದೇನೆಂಬುದು ಒಂದು ಪ್ರಶ್ನೆ. ಬೇಯಿಸುವುದಕ್ಕೆ ಕಟ್ಟಿದ ಮನೆ ಎಂತಹದೆಂಬುದು ಬೇರೊಂದು ಪ್ರಶ್ನೆ. ಹಿಂದಿನ ಕಾಲದ ಬಿಯರು ಕಾರ್ಖಾನೆಯಲ್ಲಿ ಜವೆಗೋದಿಯನ್ನು ನೆನಸಿ, ನಾವು ಹುರುಳಿಗೆ ಮೊಳಕೆ ಬರಿಸುವಂತೆ ನೆಲದ ಮೇಲೆ ಹರವಿ, ಮೊಳೆತುದನ್ನು ಕಾವಿನಲ್ಲಿ ಒಣಗಿಸುತ್ತಿದ್ದರು. ಅದಕ್ಕೆ ವಿಶಾಲವಾದ ತಗ್ಗುಛಾವಣಿಯ ನೆಲಗಳು ಬೇಕು. ಧಾನ್ಯವನ್ನು ಒಮ್ಮೆ ಅಟ್ಟಕ್ಕೇರಿಸಿದರೆ ಅದು ತನ್ನ ಭಾರದಿಂದಲೇ ಪಾತ್ರೆಯಿಂದ ಪಾತ್ರೆಗೆ ಇಳಿದು ಬರಲೆಂದು ಕಟ್ಟಡವನ್ನು ಗೋಪುರದಂತೆ ಎತ್ತರಿಸುವರು. ಕೊನೆಗೆ ತಂಪಿಗಾಗಿ ನೆಲದಡಿಯ ಕಮಾನಿನ ಕೋಣೆಗಳು. ಇಲ್ಲಿಯೂ ನಮ್ಮ ಹಂಚಿನ ಕಾರ್ಖಾನೆಯ ನ್ಯಾಯವೇ. ಕಟ್ಟಡವು ಯಂತ್ರಗಳಿಗೆ ಹೊದಿಸಿದ ಚೀಲವಲ್ಲ, ತಾನೇ ಒಂದು ಯಂತ್ರ.

ಬರ್ಲಿನ್ ನಗರದಲ್ಲಿ ಶುಲ್ಟ್‌ಹೈಸ್ ಎಂಬ ಬಿಯರು ಕಾರ್ಖಾನೆಯೊಂದಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅದನ್ನು ಯೋಜಿಸಿದವನು ಫ್ರಾಂಜ್ ಶ್ವೆಖ್ಟನ್. ಅದೇ ನಗರದ ಕೈಸರ್ ವಿಲ್ಹೆಲ್ಮ್ ಸ್ಮಾರಕ ಇಗರ್ಜಿಯನ್ನು ಯೋಜಿಸಿದವನೂ ಅವನೇ. 1967ರಲ್ಲಿ ಕಾರ್ಖಾನೆ ನಿಂತಿತು. 1974ರಲ್ಲಿ ಕಟ್ಟಡವನ್ನು ಸಂರಕ್ಷಿತ ಸ್ಮಾರಕವೆಂದು ಸಾರಿದರು. ಈಗ ಅಲ್ಲಿ ನಾಟಕಶಾಲೆ, ಚಿತ್ರಮಂದಿರ, ವಸ್ತುಸಂಗ್ರಹಾಲಯಗಳು ನಡೆಯುತ್ತಿವೆ. ಇಗರ್ಜಿ ಕಟ್ಟಿದ ಕೈಗೂ ಭಟ್ಟಿ ಕಟ್ಟಿದ ಕೈಗೂ ಅಲ್ಲಿನವರು ಭೇದವೆಣಿಸಲಿಲ್ಲ. ಅಷ್ಟು ದೂರ ಹೋಗಲೊಲ್ಲದವರು ಕೊಚ್ಚಿಗೆ ಹೋಗಿ ನೋಡಬಹುದು. ತೆಂಗಿನೆಣ್ಣೆ, ಮೆಣಸುಗಳ ವ್ಯಾಪಾರಕ್ಕೆಂದು 1867ರಲ್ಲಿ ಹುಟ್ಟಿದ ಆಸ್ಪಿನ್‌ವಾಲ್ ಕಂಪೆನಿಯ ಹಳೆಯ ಗೋದಾಮುಗಳಲ್ಲಿ 2012ರಿಂದ ಚಿತ್ರಕಲೆಯ ಮಹಾಪ್ರದರ್ಶನಗಳು ನಡೆದಿವೆ. ಅವುಗಳ ಮೇಲೆ ಹೊದಿಸಿರುವುದೂ ನಮ್ಮದೇ ಜಾತಿಯ ಹಂಚು.

ಕಾರ್ಖಾನೆಗಳು ಮುಚ್ಚಿಹೋದುದಕ್ಕೆ ಧಣಿಗಳನ್ನು ದೂರುವುದು ನ್ಯಾಯವಲ್ಲ. ಕಾಂಕ್ರೀಟಿನ ತಾರಸಿ ಬಂತು, ಆಮೇಲೆ ತಗಡಿನ ಮಾಡು ಬಂತು. ಕಾಡು ಕಡಿಯುವುದಕ್ಕೆ ನಿರ್ಬಂಧವಾಗಿ ಸೌದೆ ದುಬಾರಿಯಾಯಿತು. ಗದ್ದೆಯ ಜೇಡಿಮಣ್ಣನ್ನು ಅಗೆದರೆ ಗದ್ದೆಯೇ ಹೊಂಡವಾಗುವುದು; ಇದನ್ನು ಬೇಡವೆಂದವರ ಮಾತೂ ಸರಿಯೇ. ಒಂದೊಂದು ಗೂಡಿಗೆ ಎಷ್ಟು ಕಾಡು ಬೂದಿಯಾಯಿತೆಂದು ಲೆಕ್ಕ ಹಾಕಹೋದರೆ ಈ ಉದ್ಯಮದ ಕೀರ್ತಿ ಅಷ್ಟೊಂದು ಬೆಳ್ಳಗಿರಲಾರದು. ಬೆಂಕಿಯನ್ನು ಪುನಃ ಹೊತ್ತಿಸಬೇಕೆಂದು ನಾವು ಹೇಳುತ್ತಿಲ್ಲ. ಆದರೆ ಬೆಂಕಿಯಾರಿದ ಮನೆಯನ್ನು ಓದುವವರಿಲ್ಲದೆ ಕೆಡವಬಾರದು.

ಓದುವುದೆಂಬ ಮಾತನ್ನು ನಾವು ಬೇಕೆಂದೇ ಆಡಿದೆವು. ದೇವಾಲಯ ಕಟ್ಟುವ ಕ್ರಮ ನಷ್ಟವಾಗಲಾರದು. ಅದಕ್ಕೆ ಆಗಮಗಳಿವೆ, ಶಿಲ್ಪಶಾಸ್ತ್ರವಿದೆ. ಮಯಮತದಲ್ಲಿ ಜೀರ್ಣವಾದುದನ್ನು ಸರಿಪಡಿಸುವ ವಿಧಿಗಾಗಿಯೇ ಒಂದು ಅಧ್ಯಾಯವಿದೆ. ಇಟ್ಟಿಗೆಯನ್ನು ನಮ್ಮ ಪೂರ್ವಿಕರು ಕೀಳೆಂದು ಬಗೆದವರೂ ಅಲ್ಲ. ‘ಇಷ್ಟಕಾ’ ಎಂಬುದೇ ‘ಇಟ್ಟಿಗೆ’ಯಾಯಿತು, ಯಜ್ಞವೇದಿಯ ಒಂದೊಂದು ಇಷ್ಟಕೆಯ ಅಳತೆಯನ್ನು ಬೋಧಾಯನನ ಶುಲ್ಬಸೂತ್ರವು ಹೇಳಿರುವುದು. ಆದರೆ ಹಂಚಿನ ಕಾರ್ಖಾನೆಗೆ ಯಾವ ಸೂತ್ರಗ್ರಂಥವೂ ಇಲ್ಲ. ಉಪ್ಪರಿಗೆಯ ಹಲಗೆಗಳ ನಡುವೆ ಎಷ್ಟು ಬೆರಳು ಸಂದಿರಬೇಕು, ಮಾಡಿನ ಇಳಿಜಾರು ಎಷ್ಟಿರಬೇಕು, ಗೂಡಿನ ಬಾಯಿ ಯಾವ ದಿಕ್ಕಿಗಿರಬೇಕು ಎಂಬುದನ್ನು ಬಡಗಿಯೂ ಮೇಸ್ತ್ರಿಯೂ ತಮ್ಮ ಕೈಯಲ್ಲಿಯೇ ಇಟ್ಟುಕೊಂಡು ತೀರಿಹೋದರು. ಆ ವಿದ್ಯೆ ಬರೆದಿರುವುದು ಕಟ್ಟಡದಲ್ಲಿ ಮಾತ್ರ, ಎರಡನೆಯ ಪ್ರತಿಯಿಲ್ಲ. ಅದೇ ಬಾಸೆಲ್ ಮಿಶನಿನ ಅಚ್ಚುಕೂಟದಲ್ಲಿ 1894ರಲ್ಲಿ ಹೊರಬಂದ ಕಿಟೆಲರ ನಿಘಂಟನ್ನು ನಾವು ಕಣ್ಣಿಗೊತ್ತಿಕೊಂಡು ಕಾಪಾಡಿದೆವು, ಮತ್ತೆ ಮತ್ತೆ ಮುದ್ರಿಸಿದೆವು. ಪರದೇಶದ ಪಾದ್ರಿಗಳದೆಂದು ಅದನ್ನು ಎಸೆಯಲಿಲ್ಲವಷ್ಟೆ? ಹಂಚಿನ ಕಾರ್ಖಾನೆಯಲ್ಲಿ ಮಣ್ಣು ನಮ್ಮದು, ಮುರಕಲ್ಲು ನಮ್ಮದು, ಹೊತ್ತ ತಲೆಗಳು ನಮ್ಮವು.

ಕಾನೂನಿನ ಬಲವಿಲ್ಲವೆಂದೂ ಹೇಳುವಂತಿಲ್ಲ. ಪ್ರಾಚೀನ ಸ್ಮಾರಕಗಳ ಕುರಿತು ಕೇಂದ್ರ ಸರಕಾರದ 1958ರ ಶಾಸನವೂ ನಮ್ಮ ರಾಜ್ಯದ 1961ರ ಶಾಸನವೂ ನೂರು ವರ್ಷ ತುಂಬಿದ ಕಟ್ಟಡವನ್ನು ಸ್ಮಾರಕವಾಗಿ ಪರಿಗಣಿಸಲು ಅವಕಾಶ ಕೊಟ್ಟಿವೆ. ಹತ್ತೊಂಬತ್ತನೆಯ ಶತಮಾನದ ಕಾರ್ಖಾನೆಗಳೆಲ್ಲವೂ ಆ ವಯಸ್ಸನ್ನು ಎಂದೋ ದಾಟಿರುವುವು. ಆದರೆ ಎಲ್ಲವನ್ನೂ ಉಳಿಸಿಕೊಳ್ಳಬೇಕೆಂಬುದು ಹಠವಾದೀತು. ಜಮೀನಿನ ಬೆಲೆ ಏರಿರುವ ಈ ದಿನಗಳಲ್ಲಿ ಧಣಿಗಳಿಗೆ ಹಾಗೆ ಆಜ್ಞಾಪಿಸುವುದೂ ಸರಿಯಲ್ಲ. ಗೂಡು, ಉಪ್ಪರಿಗೆ, ಚಿಮಣಿ ಮೂರೂ ಇನ್ನೂ ಕೂಡಿ ನಿಂತಿರುವ ಒಂದು ಕಾರ್ಖಾನೆಯನ್ನಾದರೂ ನಮ್ಮ ಜಿಲ್ಲೆಯಲ್ಲಿ ಆರಿಸಿ, ಮಾಡು ಹೊದಿಸಿ, ಸಂತೆಗೋ ಯಕ್ಷಗಾನಕ್ಕೋ ಶಾಲೆಯ ಮಕ್ಕಳ ಕರಕುಶಲಕ್ಕೋ ಬಿಟ್ಟುಕೊಟ್ಟರೆ ಸಾಕು. ಅಂತಹ ವಿಶಾಲವಾದ ಗಾಳಿಯಾಡುವ ನೆರಳನ್ನು ಇಂದು ಹೊಸದಾಗಿ ಕಟ್ಟಿಸಹೋದರೆ ಎಷ್ಟು ಹಣ ಬೇಕಾದೀತೆಂದು ಪೌರಸಭೆಯವರೇ ಲೆಕ್ಕ ಹಾಕಲಿ.

ಉಳಿಯದವುಗಳ ಅಳತೆಯನ್ನಾದರೂ ತೆಗೆದಿಡಬೇಕು. ಇದು ಸರಕಾರಕ್ಕೆ ಕಾಯಬೇಕಾದ ಕೆಲಸವಲ್ಲ. ನಮ್ಮ ಪ್ರೌಢಶಾಲೆಯ ಹುಡುಗರಿಂದಲೇ ಆಗತಕ್ಕದ್ದು. ಧಣಿಗಳ ಅಪ್ಪಣೆ ಪಡೆದು, ಒಬ್ಬ ಉಪಾಧ್ಯಾಯರೊಡನೆ ನಾಲ್ಕು ಮಂದಿ ಅಳತೆಯ ಪಟ್ಟಿ ಹಿಡಿದು ಹೋದರೆ ಕಂಬದಿಂದ ಕಂಬಕ್ಕೆ ದೂರ, ಉಪ್ಪರಿಗೆಯ ಎತ್ತರ, ಗೂಡಿನ ಕಮಾನಿನ ಅಗಲ ಇಷ್ಟನ್ನು ಎರಡು ದಿನಗಳಲ್ಲಿ ಬರೆದುಕೊಂಡು ಚಿತ್ರ ತೆಗೆದು ಬರಬಹುದು. ಕೊಳೆತ ಹಲಗೆಯ ಮೇಲೆ ಮಕ್ಕಳನ್ನು ಹತ್ತಿಸಕೂಡದು, ಚಿಮಣಿಯ ಬುಡದಲ್ಲಿ ನಿಲ್ಲಿಸಕೂಡದು. ಅಲ್ಲಿ ದುಡಿದ ಹಿರಿಯರು ಇನ್ನೂ ನಮ್ಮ ನಡುವೆ ಇರುವರು. ಒಂದೊಂದು ಉಪಕರಣಕ್ಕೂ ಒಂದೊಂದು ಕೆಲಸಕ್ಕೂ ತುಳುವಿನಲ್ಲಿ ಅವರಾಡುತ್ತಿದ್ದ ಹೆಸರುಗಳನ್ನು ಅವರಿಂದಲೇ ಕೇಳಿ ಬರೆದುಕೊಳ್ಳಬೇಕು. ಮಳೆ ಹಿಂದೆಗೆದು ತುಳಸೀಪೂಜೆಯ ಹೊತ್ತಿಗೆ ಹೊಳೆಯ ದಂಡೆಗಳು ಒಣಗಿ, ಕಾರ್ಖಾನೆಗಳ ಸುತ್ತ ಬೆಳೆದ ಹುಲ್ಲು ಬಾಗಿರುವುದು. ಅಳತೆಗೆ ಹೋಗುವವರಿಗೆ ಅದು ಒಳ್ಳೆಯ ಕಾಲ.